ಹಗ್ಗವೆಂದು ಗೊತ್ತಿದ್ದೂ

"ಹೆದರಬೇಡ" ಎಂಬ ಮಾತನ್ನು ನಾವು ಹೆಂಗಸರು ಒಂದು ಜನ್ಮದಲ್ಲಿ ಎಷ್ಟು ಸಲ ಆಡುತ್ತೇವೋ ಲೆಕ್ಕ ಇಟ್ಟವರಿಲ್ಲ. ಚುಚ್ಚುಮದ್ದು ಹಾಕಿಸುವಾಗ ಮಗುವಿಗೆ, ಪರೀಕ್ಷೆಗೆ ಹೊರಟ ಹುಡುಗಿಗೆ, ಹೆರಿಗೆ ಕೋಣೆಯ ಬಾಗಿಲಲ್ಲಿ ಮಗಳಿಗೆ, ಕಣ್ಣಿನ ಪೊರೆ ತೆಗೆಸಲು ಹೋಗುವ ಮಾವನವರಿಗೆ, ಎಲ್ಲರಿಗೂ ಇದೇ ಒಂದು ಮಾತು. ಖರ್ಚಿಲ್ಲದ ಮಾತು, ಪ್ರೀತಿಯ ಮಾತೂ ಹೌದು. ಆದರೆ ಈ ಮಾತು ಕೇಳಿ ಹೆದರಿಕೆ ಬಿಟ್ಟವರನ್ನು ನಾನಂತೂ ಕಂಡಿಲ್ಲ. ಜ್ವರ ಬಂದವರಿಗೆ "ಜ್ವರ ಬರಿಸಿಕೊಳ್ಳಬೇಡ" ಎಂದು ಯಾರೂ ಹೇಳುವುದಿಲ್ಲ. ಕಷಾಯ ಕಾಯಿಸುತ್ತೇವೆ, ಹಣೆಗೆ ಒದ್ದೆಬಟ್ಟೆ ಹಾಕುತ್ತೇವೆ. ಹೆದರಿಕೆಯ ವಿಷಯ ಬಂದಾಗ ಮಾತ್ರ ಅಪ್ಪಣೆ ಕೊಟ್ಟು ಸುಮ್ಮನಾಗುತ್ತೇವೆ.

ನಾನು ಕನ್ನಡ ಪಾಠ ಹೇಳುವವಳು. ಇಪ್ಪತ್ತೆಂಟು ವರ್ಷದಿಂದ ಮಕ್ಕಳಿಗೆ ವಿಭಕ್ತಿ ಪ್ರತ್ಯಯ ಉರು ಹೊಡೆಸುತ್ತಾ ಬಂದಿದ್ದೇನೆ. ಹಾಗಾಗಿ ಇಂಥ ಮಾತು ಕಿವಿಗೆ ಬಿದ್ದಾಗ ಮೊದಲು ವ್ಯಾಕರಣವೇ ನೆನಪಾಗುತ್ತದೆ. "ನನಗೆ ಹಸಿವಾಗುತ್ತದೆ", "ನನಗೆ ಚಳಿಯಾಗುತ್ತದೆ", "ನನಗೆ ಹೆದರಿಕೆಯಾಗುತ್ತದೆ" ಎನ್ನುತ್ತೇವಲ್ಲ, ಇಲ್ಲೆಲ್ಲ "ನಾನು" ಕರ್ತೃವಲ್ಲ. ಚತುರ್ಥಿಯಲ್ಲಿ "ನನಗೆ" ಎಂದು ಒಂದು ಪಕ್ಕಕ್ಕೆ ನಿಂತುಕೊಂಡಿದ್ದೇನೆ. ಹೆದರಿಕೆ ಎಲ್ಲಿಂದಲೋ ಬಂದು ನನಗೆ ಆಗಿಹೋಗುತ್ತದೆ. ಆದರೆ "ನಾನು ಹೆದರುತ್ತೇನೆ" ಎಂದೊಡನೆ ನಾನೇ ಕರ್ತೃ, ಅದು ನಾನು ಮಾಡಿದ ಕೆಲಸ. ಚಿಂತೆಯನ್ನಂತೂ ನಾವು "ಮಾಡಿ"ಯೇ ಮಾಡುತ್ತೇವೆ, ಅಡಿಗೆ ಮಾಡಿದಂತೆ. ಕೆಲಸ ಎಂದಮೇಲೆ ಮಾಡಬಹುದು, ಬಿಡಬಹುದು. ಮಾಡಿದವರಿಗೆ ತಪ್ಪು ಹೊರಿಸಬಹುದು. ಆದದ್ದೋ ಮಾಡಿದ್ದೋ? ಈ ಒಂದು ಪ್ರಶ್ನೆಯ ಮೇಲೆ ಎಷ್ಟೋ ಹೆಂಗಸರ ಮಾನ ಮರ್ಯಾದೆ ನಿಂತಿದೆ ಎಂದರೆ ನೀವು ನಗಬಾರದು.

ಕುಮಾರವ್ಯಾಸನ ವಿರಾಟಪರ್ವದ ಉತ್ತರಕುಮಾರನ ಪ್ರಸಂಗ ನಿಮಗೆಲ್ಲ ಗೊತ್ತಿದ್ದದ್ದೇ. ಹೆಂಗಸರ ಮುಂದೆ ಜಂಬ ಕೊಚ್ಚಿ, ಬೃಹನ್ನಳೆಯನ್ನು ಸಾರಥಿ ಮಾಡಿಕೊಂಡು ಹೊರಟ ಹುಡುಗ ಕೌರವರ ಸೇನೆ ಕಂಡದ್ದೇ ತಡ, ರಥದಿಂದ ಧುಮುಕಿ ಓಡಿದ. ಈ ಪಾಠ ಮಾಡುವ ದಿನ ತರಗತಿಯಲ್ಲಿ ನಗುವೋ ನಗು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಅವನಿಗೆ ನಿಜವಾಗಲೂ ಹೆದರಿಕೆ ಆಗಿತ್ತಲ್ಲ ಟೀಚರ್, ಅದರಲ್ಲಿ ನಗೋದೆಂತದು?" ಎಂದು ಕೇಳಿದಳು. ಹತ್ತನೆಯ ತರಗತಿಯ ಮಕ್ಕಳು ಇಂಥದೊಂದು ಪ್ರಶ್ನೆ ಕೇಳಿದರೆ ನಾಲ್ಕು ದಿನಕ್ಕೆ ಸಾಲುವಷ್ಟು ಮೇವು ಸಿಕ್ಕ ಹಾಗೆ. ನಿಜವಲ್ಲವೆ? ಅದೇ ಬೃಹನ್ನಳೆ, ಎಂದರೆ ಅರ್ಜುನ, ಕುರುಕ್ಷೇತ್ರದಲ್ಲಿ ಎರಡು ಸೇನೆಗಳ ನಡುವೆ ನಿಂತಾಗ ಅವನ ಬಾಯೂ ಒಣಗಿತು, ಮೈ ನಡುಗಿತು, ಕೈಯಿಂದ ಬಿಲ್ಲು ಜಾರಿತು. ಕೂಡಲೇ ಕುಳಿತುಬಿಟ್ಟ. ಲಕ್ಷಣಗಳೆಲ್ಲ ಒಂದೇ. ಅರ್ಜುನನದಕ್ಕೆ ವಿಷಾದಯೋಗ ಎಂದು ಹೆಸರಿಟ್ಟು ಕೈ ಮುಗಿಯುತ್ತೇವೆ. ಉತ್ತರನದಕ್ಕೆ ಚಪ್ಪಾಳೆ ತಟ್ಟಿ ನಗುತ್ತೇವೆ. ಅರ್ಜುನನ ಕಾರಣ ದೊಡ್ಡದು, ಬಂಧುಗಳ ವಧೆಯ ಪ್ರಶ್ನೆ ಅದು, ಎಂದು ಪಂಡಿತರು ಹೇಳಬಹುದು. ಒಪ್ಪೋಣ. ಆದರೆ ಒಣಗಿದ ಬಾಯಿಗೆ ಕಾರಣದ ಗಾತ್ರ ತಿಳಿಯುವುದಿಲ್ಲ. ಇನ್ನು ಅದೇ ಲಕ್ಷಣ ಅಡಿಗೆಮನೆಯಲ್ಲಿ ನಿಂತ ಹೆಂಗಸಿಗೆ ಬಂದರೆ? ಯೋಗವೂ ಅಲ್ಲ, ಹಾಸ್ಯವೂ ಅಲ್ಲ. "ನಾಟಕ", "ಗಾಳಿ ಸೋಕಿದೆ", "ಕೆಲಸ ಇಲ್ಲದ್ದಕ್ಕೆ ಹೀಗಾಡ್ತಾಳೆ." ಹೆದರಿಕೆಗೂ ಜಾತಿ ಮತ ಲಿಂಗ ನೋಡಿ ಮರ್ಯಾದೆ ಕೊಡುವ ಜನ ನಾವು.

ಹಾಗೆಂದು ಎಲ್ಲ ಹೆದರಿಕೆಯೂ ಕಾಯಿಲೆಯಲ್ಲ. ಇದನ್ನು ನಮ್ಮ ಸೊರಬ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1957ರಲ್ಲಿ ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಬೆನ್ನಿಗೇ ಕಾಡಿಗೆ ಹೋಗಿ ಬಂದ ಜನ ಜ್ವರ, ತಲೆನೋವು, ಮೈಕೈ ಸೆಳೆತ ಎಂದು ಮಲಗಿದರು. ಕೆಲವರಿಗೆ ರಕ್ತಸ್ರಾವವಾಗಿ ಏಳಲಿಲ್ಲ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಪರೀಕ್ಷಿಸಿ, ಉಣುಗು ಕಚ್ಚಿ ಬರುವ ಹೊಸ ರೋಗವಿದು ಎಂದರು. ಹೀಗೆ ಜಗತ್ತಿನ ವೈದ್ಯ ಪುಸ್ತಕಗಳಲ್ಲೆಲ್ಲ ನಮ್ಮ ಕ್ಯಾಸನೂರಿನ ಹೆಸರು ಸೇರಿಹೋಯಿತು. ಬೇರೆ ಊರಿನವರು ಮಲ್ಲಿಗೆಗೆ, ಪೇಡಕ್ಕೆ, ಬದನೆಕಾಯಿಗೆ ಹೆಸರಾದರೆ ನಾವು ಮಂಗನ ಕಾಯಿಲೆಗೆ! ಹೊಸಬಾಳೆಯಂಥ ಊರುಗಳಲ್ಲಿ ಅಡಿಕೆ ತೋಟವಿದ್ದವರು ಸೊಪ್ಪಿನ ಬೆಟ್ಟಕ್ಕೆ ಹೋಗದೆ ಇರುವಂತಿಲ್ಲ. ಸೊಪ್ಪು, ತರಗೆಲೆ, ಸೌದೆ ಎಲ್ಲವೂ ಅಲ್ಲಿಂದಲೇ ಬರಬೇಕು. ಚಳಿಗಾಲ ಕಳೆಯುತ್ತಾ ಬಂದು ಬಿಸಿಲೇರಿದಂತೆ, ಎಲ್ಲಾದರೂ ಮಂಗ ಸತ್ತು ಬಿದ್ದಿದೆ ಎಂಬ ಸುದ್ದಿ ಬಂದರೆ ಎದೆ ಝಲ್ಲೆನ್ನುತ್ತದೆ. ಎನ್ನಲೇಬೇಕು. ಆ ಝಲ್ಲೆನ್ನುವುದರಿಂದಲೇ ಆರೋಗ್ಯ ಇಲಾಖೆಯವರಿಗೆ ತಿಳಿಸುತ್ತೇವೆ, ಅವರು ಹಂಚುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳುತ್ತೇವೆ, ಬೆಟ್ಟದಿಂದ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಮೈ ತೊಳೆಯುತ್ತೇವೆ. ಹಳೆಯ ಲಸಿಕೆಯಿಂದ ಸಾಕಷ್ಟು ರಕ್ಷಣೆ ಸಿಗುತ್ತಿಲ್ಲವೆಂದು ಅದನ್ನು ಕೊಡುವುದು ನಿಂತಿರುವಾಗ ಇಂಥ ಎಚ್ಚರವೇ ನಮಗಿರುವ ದೊಡ್ಡ ಕಾವಲು. ಈ ಹೆದರಿಕೆಗೆ ಒಂದು ವಸ್ತುವಿದೆ, ಒಂದು ಕಾಲವಿದೆ, ಅದು ಮಾಡಿಸುವ ಕೆಲಸವೊಂದಿದೆ. ಕೆಲಸವಾದ ಮೇಲೆ ತಾನಾಗಿ ಹೋಗುತ್ತದೆ. ಬಿ.ಎಡ್. ಓದುವಾಗ ಯರ್ಕ್ಸ್ ಮತ್ತು ಡಾಡ್ಸನ್ ಎಂಬಿಬ್ಬರು 1908ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆವು. ಸ್ವಲ್ಪ ಬಿಸಿ ಮುಟ್ಟಿದರೆ ಕಲಿಕೆ ಚುರುಕಾಗುತ್ತದೆ, ವಿಪರೀತವಾದರೆ ಕಷ್ಟದ ಪಾಠ ತಲೆಗೇ ಹತ್ತುವುದಿಲ್ಲ. ಪ್ರತಿ ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳ ಮುಖ ನೋಡುವಾಗ ಆ ಇಲಿಗಳು ಕಣ್ಣಿಗೆ ಬರುತ್ತವೆ.

2018ರ ಡಿಸೆಂಬರಿನಿಂದ 2019ರ ಬೇಸಿಗೆಯವರೆಗೆ ಪಕ್ಕದ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಮಂಗನ ಕಾಯಿಲೆಯಿಂದ ಹಲವರು ತೀರಿಕೊಂಡರು. ಪತ್ರಿಕೆ ತೆರೆದರೆ ಅದೇ. ಆ ಬೇಸಿಗೆಯಲ್ಲಿ ನನ್ನ ಓರಗಿತ್ತಿ ದಿನಾ ಸಂಜೆ ಇಬ್ಬರು ಮಕ್ಕಳನ್ನು ದೀಪದ ಕೆಳಗೆ ನಿಲ್ಲಿಸಿ, ಕಿವಿಯ ಹಿಂದೆ, ಕಂಕುಳಲ್ಲಿ ಉಣುಗು ಹತ್ತಿದೆಯೇ ಎಂದು ನೋಡುತ್ತಿದ್ದಳು. ಎಲ್ಲ ತಾಯಂದಿರೂ ನೋಡುತ್ತಿದ್ದರು. (ಇದನ್ನು ಬರೆಯಲು ಅವಳೇ ಒಪ್ಪಿದ್ದಾಳೆ, ಹೆಸರು ಮಾತ್ರ ಬೇಡವಂತೆ.) ಜೂನ್ ಬಂತು. ಮಳೆ ಹಿಡಿಯಿತು. ಉಣುಗಿನ ಕಾಲ ಮುಗಿಯಿತು, ಊರಿನ ಹೆದರಿಕೆಯೂ ಮಳೆಯಲ್ಲಿ ತೊಳೆದುಹೋಯಿತು. ಅವಳದು ಹೋಗಲಿಲ್ಲ. ದಿನಕ್ಕೊಮ್ಮೆ ನೋಡುತ್ತಿದ್ದವಳು ಹತ್ತು ಸಲ ನೋಡತೊಡಗಿದಳು. ಮಲಗಿದ ಮಕ್ಕಳನ್ನು ಎಬ್ಬಿಸಿ ಹಣೆ ಮುಟ್ಟುತ್ತಿದ್ದಳು. ಆಮೇಲೆ ಆ ಹೆದರಿಕೆ ಉಣುಗನ್ನು ಬಿಟ್ಟು ಶಾಲೆಯ ವ್ಯಾನಿಗೆ ಹತ್ತಿತು, ಅಲ್ಲಿಂದ ಗ್ಯಾಸ್ ಸಿಲಿಂಡರಿಗೆ, ಅಲ್ಲಿಂದ ಗಂಡ ತೋಟಕ್ಕೆ ಹೋಗಿ ಬರುವುದು ತಡವಾದರೆ ಅದಕ್ಕೆ, ಕೊನೆಗೆ ಫೋನಿನ ಗಂಟೆಗೆ. ಉಣುಗೇ ಒಂದು ಮೈಯಿಂದ ಇನ್ನೊಂದು ಮೈಗೆ ಹತ್ತುವ ಹಾಗೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಬೆಳಗಿನವರೆಗೆ ಸೂರು ನೋಡುತ್ತಾ ಮಲಗಿರುತ್ತಿದ್ದಳಂತೆ.

ಅವಳೇನು ತಿಳಿವಳಿಕೆ ಇಲ್ಲದವಳಲ್ಲ, ಬಿ.ಎಸ್ಸಿ. ಓದಿದವಳು. ಅವಳು ಒಂದು ದಿನ ಹೇಳಿದ ಮಾತು ಇದು: "ಏನೂ ಆಗೋದಿಲ್ಲ ಅಂತ ನಂಗೆ ಗೊತ್ತುಂಟು ಅಕ್ಕ. ಗೊತ್ತಿದ್ದೂ ಎದೆ ಕೇಳೋದಿಲ್ಲ."

ನಮ್ಮಲ್ಲಿ ವೇದಾಂತ ಹೇಳುವವರು ಹಗ್ಗ ಹಾವಿನ ಉದಾಹರಣೆ ಕೊಡುತ್ತಾರೆ. ಮಬ್ಬುಗತ್ತಲಲ್ಲಿ ಹಗ್ಗ ಕಂಡು ಹಾವೆಂದು ಹೆದರುತ್ತೀರಿ. ದೀಪ ತಂದು ನೋಡಿದರೆ ಹಾವು ಇಲ್ಲವಾಗುತ್ತದೆ, ಅದರ ಜೊತೆಗೆ ಹೆದರಿಕೆಯೂ. ಅಜ್ಞಾನವೇ ಭಯಕ್ಕೆ ಮೂಲ, ಜ್ಞಾನವೇ ಮದ್ದು. ಬ್ರಹ್ಮದ ವಿಷಯಕ್ಕೆ ಈ ದೃಷ್ಟಾಂತ ಸರಿಯೇ ಇರಬೇಕು, ಅದನ್ನು ತೂಗುವ ಯೋಗ್ಯತೆ ನನಗಿಲ್ಲ. ಆದರೆ ನನ್ನ ಓರಗಿತ್ತಿಯ ಕೈಯಲ್ಲಿ ದೀಪವಿತ್ತು. ಹಗ್ಗ ಹಗ್ಗವಾಗಿಯೇ ಕಾಣುತ್ತಿತ್ತು. ಎದೆ ಮಾತ್ರ ಹಾವು ಕಂಡ ಹಾಗೆಯೇ ಬಡಿದುಕೊಳ್ಳುತ್ತಿತ್ತು. ಇಂಥವರ ಮುಂದೆ ಕುಳಿತು ಮತ್ತೆ ಮತ್ತೆ "ಅದು ಹಗ್ಗ ಕಣೇ" ಎಂದು ಬುದ್ಧಿ ಹೇಳಿದರೆ ಏನಾಗುತ್ತದೆ? ಹೆದರಿಕೆಯ ಜೊತೆಗೆ ನಾಚಿಕೆಯೂ ಸೇರುತ್ತದೆ, ಅಷ್ಟೇ. ನಮ್ಮ ಪಕ್ಕದ ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿ, ಲೋಕದಲ್ಲಿ ಇದ್ದಮೇಲೆ ಹೊಗಳಿಕೆ ತೆಗಳಿಕೆಗೆ ಅಂಜಬಾರದು ಎಂಬ ಅರ್ಥದ ವಚನ ಬರೆದವಳು. ಅದನ್ನು ತರಗತಿಯಲ್ಲಿ ಹೇಳುವಾಗ ನನ್ನ ಗಂಟಲು ಇಂದಿಗೂ ತುಂಬುತ್ತದೆ. ಅಕ್ಕ ಆ ಮಾತನ್ನು ಎಲ್ಲವನ್ನೂ ಬಿಟ್ಟು ಹೊರಟು, ತಾನೇ ನಡೆದು ಗಳಿಸಿಕೊಂಡಳು. ಅದನ್ನು ನಡೆಯಲಾರದೆ ಕುಳಿತವಳ ತಲೆಯ ಮೇಲೆ ಹೊರಿಸಿದರೆ ವಚನವೂ ಒಂದು ಹೊರೆ.

ಈ ದೇಹದೊಳಗೆ ನಡೆಯುವುದೇನು ಎಂಬುದನ್ನು ವೈದ್ಯರು ಈಗ ಸುಮಾರಾಗಿ ಬಿಡಿಸಿದ್ದಾರೆ. ಮಿದುಳಿನ ಒಳಭಾಗದಲ್ಲಿ ಬಾದಾಮಿಯ ಆಕಾರದ ಅಮಿಗ್ಡಲಾ ಎಂಬ ಭಾಗವಿದೆ. ಅಪಾಯದ ಸುಳಿವು ಸಿಕ್ಕರೆ, ವಿಚಾರ ಮಾಡುವ ಭಾಗ ಇನ್ನೂ ಕನ್ನಡಕ ಹುಡುಕುತ್ತಿರುವಾಗಲೇ, ಇದು ಗಂಟೆ ಹೊಡೆದುಬಿಡುತ್ತದೆ. ಮೂತ್ರಪಿಂಡಗಳ ಮೇಲೆ ಕುಳಿತ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಎದೆ ಬಡಿತ ಏರುತ್ತದೆ, ಉಸಿರು ದಾಪುಗಾಲು ಹಾಕುತ್ತದೆ, ಬಾಯಿ ಒಣಗುತ್ತದೆ, ಹೊಟ್ಟೆ ಕಿವುಚುತ್ತದೆ, ಅಂಗೈ ಬೆವರುತ್ತದೆ. ಹುಲಿ ಎದುರಿಗಿದ್ದರೆ ಓಡುವುದಕ್ಕೋ ಹೊಡೆದಾಡುವುದಕ್ಕೋ ಇದೆಲ್ಲ ಬೇಕೇ ಬೇಕು. ಹುಲಿಯೇ ಇಲ್ಲದ ಅಡಿಗೆಮನೆಯಲ್ಲಿ ಈ ಗಂಟೆ ದಿನಾ ಹೊಡೆದುಕೊಂಡರೆ, ತಿಂಗಳುಗಟ್ಟಲೆ ಹೊಡೆದುಕೊಂಡರೆ, ಅದೇ ಆತಂಕದ ಕಾಯಿಲೆ. ಕೆಲವರಿಗೆ ಅದು ಸದಾ ಒಲೆಯ ಮೇಲಿಟ್ಟ ಹಾಲಿನಂತೆ ಸಣ್ಣಗೆ ಕುದಿಯುತ್ತಿರುತ್ತದೆ. ಕೆಲವರಿಗೆ ಇದ್ದಕ್ಕಿದ್ದಂತೆ ಉಕ್ಕಿ, ಹತ್ತು ಹದಿನೈದು ನಿಮಿಷದಲ್ಲಿ ಪ್ರಾಣ ಹೋಯಿತು ಎನ್ನಿಸಿ, ಇಳಿದುಹೋಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಸುಮಾರು ಎರಡು ಪಟ್ಟು ಹೆಚ್ಚಂತೆ. ಗಂಡಸರದು ಎಷ್ಟೋ ಸಲ ಬಾಟಲಿಯೊಳಗೆ ಅಡಗಿ ಕುಳಿತು ಲೆಕ್ಕಕ್ಕೆ ಸಿಗುವುದಿಲ್ಲವೇನೋ ಎಂಬುದು ನನ್ನ ಸ್ವಂತ ಗುಮಾನಿ.

ಅವಳಿಗೆ ಎದೆನೋವು ಬಂದು ಎರಡು ಸಲ ಶಿವಮೊಗ್ಗದವರೆಗೆ ಕಾರು ಮಾಡಿಕೊಂಡು ಓಡಿದ್ದಾಯಿತು. ಇಸಿಜಿ ತೆಗೆದರು, ರಕ್ತ ತೆಗೆದರು. ಎರಡು ಸಲವೂ ಒಬ್ಬ ಡಾಕ್ಟರು ರಿಪೋರ್ಟನ್ನು ಮೇಜಿನ ಮೇಲಿಟ್ಟು, "ಏನೂ ಇಲ್ಲ" ಎಂದರು. ಮನೆಯವರೆಲ್ಲ ಉಸಿರು ಬಿಟ್ಟರು. ಅವಳೊಬ್ಬಳು ತಲೆ ತಗ್ಗಿಸಿದಳು. ಅಷ್ಟು ನೋವಾಗಿ, ಅಷ್ಟು ದುಡ್ಡು ಖರ್ಚಾಗಿ, "ಏನೂ ಇಲ್ಲ" ಎಂದರೆ ಇದ್ದದ್ದೇನು? ಹೃದಯದಲ್ಲಿ ದೋಷವಿಲ್ಲ ಎನ್ನುವುದಕ್ಕೂ ನಿನಗೆ ಏನೂ ಆಗಿಲ್ಲ ಎನ್ನುವುದಕ್ಕೂ ನಡುವೆ ಒಂದು ಊರಿನಷ್ಟು ದೂರವಿದೆ. ಆ ದೂರವನ್ನು ದಾಟಿಸುವ ಇನ್ನೆರಡು ಮಾತು ಆಡಲು ಆ ಡಾಕ್ಟರಿಗೆ ಪುರುಸೊತ್ತಿರಲಿಲ್ಲ. ಮನೆಗೆ ಬಂದಮೇಲೆ "ಏನೂ ಇಲ್ಲ" ಎಂಬುದು ಅವಳ ಮೇಲಿನ ತೀರ್ಪಾಗಿಬಿಟ್ಟಿತು.

ದೇವರು ದಿಂಡಿರೂ ಆದವು. ಚಂದ್ರಗುತ್ತಿಯ ಅಮ್ಮನಿಗೆ ಹರಕೆ, ಯಾರೋ ಕೊಟ್ಟ ತಾಯತ, ಶಿಕಾರಿಪುರದ ಹುಚ್ಚರಾಯಸ್ವಾಮಿಗೆ ಹಣ್ಣುಕಾಯಿ. ಕದರಮಂಡಲಗಿಯ ಕಾಂತೇಶ, ಶಿಕಾರಿಪುರದ ಭ್ರಾಂತೇಶ, ಸಾತೇನಹಳ್ಳಿಯ ಶಾಂತೇಶ ಮೂವರೂ ಆಂಜನೇಯರೇ. ಒಂದೇ ದಿನ ಮೂವರನ್ನೂ ಕಂಡುಬಂದರೆ ಪುಣ್ಯವೆಂದು ಅದನ್ನೂ ಮಾಡಿಸಿದರು. ಇದನ್ನೆಲ್ಲ ಮೂಢನಂಬಿಕೆ ಎಂದು ಮೂಗು ಮುರಿಯಲು ನನಗೆ ಮನಸ್ಸಿಲ್ಲ. ಮನೆ ಬಿಟ್ಟು ಹೊರಗೆ ಬಂದಳು, ನಾಲ್ಕು ಜನ ಅವಳ ಸಲುವಾಗಿ ಒಂದು ದಿನ ಕಳೆದರು, ಅಷ್ಟಾದರೂ ಆಯಿತಲ್ಲ. ತಾಯತ ಕಟ್ಟಿಸಿಕೊಂಡವರು ಮದ್ದು ತೆಗೆದುಕೊಳ್ಳಬಾರದು ಎಂದು ಯಾವ ದೇವರೂ ಹೇಳಿದ್ದನ್ನು ನಾನು ಕೇಳಿಲ್ಲ. ನನಗೆ ನಗು ಬಂದದ್ದು ಬೇರೆಯದಕ್ಕೆ. ಭ್ರಾಂತೇಶ, ಹುಚ್ಚರಾಯ ಎಂದು ದೇವರನ್ನು ಕರೆಯುತ್ತೇವೆ, ಮಕ್ಕಳಿಗೆ ಹುಚ್ಚರಾಯಪ್ಪ ಎಂದು ಹೆಸರಿಡುತ್ತೇವೆ, ಆ ಹೆಸರಿನಲ್ಲಿ ತೇರು ಎಳೆಯುತ್ತೇವೆ. ಆದರೆ ಮನೋವೈದ್ಯರ ಹತ್ತಿರ ಹೋಗೋಣ ಎಂದೊಡನೆ ನಮ್ಮ ಅತ್ತೆಯವರು, "ಹುಚ್ಚಿನ ಡಾಕ್ಟರ ಹತ್ತಿರವಾ? ಹೆಣ್ಣುಮಗು ಇರೋ ಮನೆ, ನಾಳೆ ಸಂಬಂಧ ಕೇಳ್ಕೊಂಡು ಬರೋರು ಎಂತ ಅಂದಾರು?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಹೆಣ್ಣುಮಗುವಿಗೆ ಆಗ ಎಂಟು ವರ್ಷ.

ಅತ್ತೆಯವರನ್ನೊಬ್ಬರನ್ನೇ ದೂರಿ ಪ್ರಯೋಜನವಿಲ್ಲ. ತ್ರಿವೇಣಿಯವರ 'ಶರಪಂಜರ'ವನ್ನು ಓದದವರೂ 1971ರ ಪುಟ್ಟಣ್ಣನವರ ಸಿನಿಮಾದಲ್ಲಿ ಕಲ್ಪನಾ ಅವರನ್ನು ನೋಡಿ ಅತ್ತಿರುತ್ತೀರಿ. ಆ ಕಾವೇರಿಗೆ ಆಸ್ಪತ್ರೆಯಲ್ಲಿ ವಾಸಿಯಾಗಿತ್ತು. ವಾಸಿಯಾಗಿ ಮನೆಗೆ ಬಂದವಳನ್ನು ಮನೆ ವಾಸಿಯಾಗಿರಲು ಬಿಡಲಿಲ್ಲ. ನಕ್ಕರೂ ಅನುಮಾನ, ಅತ್ತರೂ ಅನುಮಾನ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿಯವರು ಬದುಕಿದ್ದು ಮೂವತ್ತೈದು ವರ್ಷಕ್ಕೂ ಕಡಿಮೆ, 1963ರಲ್ಲಿ ತೀರಿಕೊಂಡರು. ಕಾಯಿಲೆ ಹೆಂಗಸಿನೊಳಗೆ ಎಷ್ಟಿದೆಯೋ ಅವಳ ಸುತ್ತ ನಿಂತವರ ಕಣ್ಣಲ್ಲೂ ಅಷ್ಟೇ ಇದೆ ಎಂಬುದನ್ನು ಅವರು ಅಷ್ಟು ಹಿಂದೆಯೇ ಕಂಡಿದ್ದರು. ಆಮೇಲೆ ನಮ್ಮ ಶಿವಮೊಗ್ಗದಲ್ಲೇ ಡಾ. ಅಶೋಕ ಪೈ ಅವರು ಊರೂರಿಗೆ ಹೋಗಿ ಕನ್ನಡದಲ್ಲಿ ಮಾತಾಡಿದರು, ಕಥೆ ಬರೆದರು, 'ಕಾಡಿನ ಬೆಂಕಿ'ಯಂಥ ಸಿನಿಮಾಕ್ಕೆ ಕಾರಣರಾದರು. 2016ರಲ್ಲಿ ಅವರು ತೀರಿಕೊಂಡಾಗ ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಸದ್ದಿಲ್ಲದೆ ಅತ್ತವರಿದ್ದಾರೆ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಸಣ್ಣ ಸಣ್ಣ ಕನ್ನಡ ಪುಸ್ತಕಗಳು ನಮ್ಮ ಶಾಲೆಯ ಕಪಾಟಿನಲ್ಲೂ ಇವೆ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಈ ಕಾಯಿಲೆ ಗುರುತಿಸಲು ಕಲಿಸಬಹುದು ಎಂದು ಮಾಡಿ ತೋರಿಸಿದರು. 1996ರಲ್ಲಿ ಅದೇ ಮಾದರಿಯನ್ನು ಇಡೀ ದೇಶ ತೆಗೆದುಕೊಂಡಿತು. ಈಗ ನಮ್ಮ ರಾಜ್ಯದಲ್ಲಿ ಮಂಗಳವಾರಗಳಂದು ಮನೋವೈದ್ಯರೇ ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ನೋಡುವ 'ಮನೋಚೈತನ್ಯ' ಎಂಬ ಏರ್ಪಾಡಿದೆ. ಇಷ್ಟೆಲ್ಲ ಇದ್ದೂ ಓರಗಿತ್ತಿ ಅಂಥ ಒಂದು ಮಂಗಳವಾರದ ಬೆಂಚಿನ ಮೇಲೆ ಬಂದು ಕುಳಿತದ್ದು 2019ರ ನವೆಂಬರಿನಲ್ಲಿ. ಅದೂ "ಥೈರಾಯ್ಡ್ ತೋರಿಸಲಿಕ್ಕೆ" ಎಂದು ಅತ್ತೆಯವರಿಗೆ ಹೇಳಿ. ಅದು ಪೂರಾ ಸುಳ್ಳೂ ಆಗಿರಲಿಲ್ಲ. ಥೈರಾಯ್ಡ್ ಹೆಚ್ಚಾದರೂ ಎದೆ ಹೀಗೇ ಬಡಿಯುವುದುಂಟು ಎಂದು ಮನೋವೈದ್ಯರೇ ಮೊದಲು ಆ ಪರೀಕ್ಷೆ ಬರೆದುಕೊಟ್ಟರು.

ಆ ಡಾಕ್ಟರು ಮಾಡಿದ ಮೊದಲ ಉಪಕಾರವೆಂದರೆ, "ಇದಕ್ಕೊಂದು ಹೆಸರಿದೆಯಮ್ಮ, ತುಂಬ ಜನರಿಗೆ ಬರುತ್ತದೆ, ವಾಸಿ ಮಾಡಬಹುದು" ಎಂದದ್ದು. ಬಸ್ಸಿನಲ್ಲಿ ಬರುವಾಗ ಅವಳು ಅತ್ತಳಂತೆ, ಹಗುರಾಗಿ. ಎರಡನೆಯದು ಮಾತ್ರೆ. ಮಾತ್ರೆಯ ವಿಷಯ ಸ್ವಲ್ಪ ಬಿಡಿಸಿ ಬರೆಯಬೇಕು, ಏಕೆಂದರೆ ನಮ್ಮ ಹೆಂಗಸರಲ್ಲಿ ಇದರ ಬಗ್ಗೆ ಗೊಂದಲ ಬಹಳ. ನಮ್ಮ ತಾಯಂದಿರ ಕಾಲದಿಂದ ಬಂದ ಕಾಂಪೋಸ್, ಅಂದರೆ ಡಯಾಜಿಪಾಮ್, ಅದರ ಬಳಗದ ಅಲ್ಪ್ರಜೋಲಾಮ್, ಇವು ನುಂಗಿದ ಅರ್ಧ ಮುಕ್ಕಾಲು ಗಂಟೆಯಲ್ಲಿ ಎದೆ ತಣ್ಣಗೆ ಮಾಡುತ್ತವೆ. ಅದೇ ಅವುಗಳ ಗುಣ, ಅದೇ ದೋಷ. ಕೆಲವು ವಾರ ಬಿಡದೆ ನುಂಗಿದರೆ ದೇಹ ಅದಕ್ಕೆ ಒಗ್ಗಿಕೊಂಡು ಬಿಡುವುದಿಲ್ಲ. ಒಮ್ಮೆಲೇ ನಿಲ್ಲಿಸಿದರೆ ಇನ್ನೂ ಕಷ್ಟ. ಮದುವೆ ಮನೆಯಲ್ಲಿ "ನಿದ್ದೆ ಬರ್ತಿಲ್ವಾ, ತಗಾ ನಂದೊಂದು" ಎಂದು ಎಲೆ ಅಡಿಕೆಯ ಹಾಗೆ ಹಂಚುವುದನ್ನು ನೋಡಿದ್ದೇನೆ, ನೋಡಿ ಗಾಬರಿಯಾಗಿದ್ದೇನೆ. ಇವಳಿಗೆ ಕೊಟ್ಟದ್ದು ಬೇರೆ ಬಗೆಯದು, ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವಂಥದು. ಅದು ಚಟವಾಗುವುದಿಲ್ಲ, ಆದರೆ ತಾಳ್ಮೆ ಕೇಳುತ್ತದೆ. ಗುಣ ಕಾಣಲು ಮೂರು ನಾಲ್ಕು ವಾರವಾದರೂ ಬೇಕು. ಮೊದಲ ವಾರದಲ್ಲಿ ಹೊಟ್ಟೆ ತೊಳಸುವುದು, ಚಡಪಡಿಕೆ ಒಂದಿಷ್ಟು ಹೆಚ್ಚುವುದೂ ಉಂಟು. ನಮ್ಮಲ್ಲಿ ಎಷ್ಟೋ ಜನ ಮಾತ್ರೆ ಕಸಕ್ಕೆ ಎಸೆಯುವುದು ಆ ಮೊದಲ ವಾರದಲ್ಲೇ. ಗುಣವಾಯಿತೆಂದು ಎರಡು ತಿಂಗಳಿಗೆ ತಾವೇ ನಿಲ್ಲಿಸುವವರು ಇನ್ನಷ್ಟು ಜನ. ಗುಣ ಕಂಡ ಮೇಲೂ ತಿಂಗಳುಗಟ್ಟಲೆ ತೆಗೆದುಕೊಂಡು, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕಾದದ್ದು ಅದು. ಅವಳು ಮಾತ್ರೆಯ ಪಟ್ಟಿಯನ್ನು ಸಾಸಿವೆ ಡಬ್ಬದೊಳಗೆ ಇಟ್ಟಿದ್ದಳು. ಬಿ.ಪಿ. ಮಾತ್ರೆ ಫ್ರಿಜ್ಜಿನ ಮೇಲೆ ಎಲ್ಲರಿಗೂ ಕಾಣುವಂತೆ ಕುಳಿತಿರುತ್ತದೆ; ಇದು ಸಾಸಿವೆಯೊಳಗೆ ಮುಖ ಮುಚ್ಚಿಕೊಂಡಿರಬೇಕು.

ಮಾತ್ರೆಯಷ್ಟೇ, ಒಂದೊಂದು ಸಲ ಅದಕ್ಕಿಂತ ಹೆಚ್ಚು, ಕೆಲಸ ಮಾಡುವುದು ಮಾತಿನ ಚಿಕಿತ್ಸೆ. ಹಾಗೆಂದರೆ ಸಮಾಧಾನ ಹೇಳುವುದು ಎಂದು ನಾನು ತಿಳಿದಿದ್ದೆ, ಹಾಗಲ್ಲವಂತೆ. ಆಪ್ತ ಸಲಹೆಗಾರ್ತಿ ಅವಳಿಗೆ "ಹೆದರಬೇಡಿ" ಎಂದು ಒಮ್ಮೆಯೂ ಹೇಳಲಿಲ್ಲ. "ಹೆದರಿಕೆ ಆಗಲಿ, ಆದಾಗ ಏನು ಮಾಡುತ್ತೀರಿ ನೋಡೋಣ" ಎಂದರು. ಮಕ್ಕಳ ಮೈ ದಿನಕ್ಕೆ ಹತ್ತು ಸಲ ನೋಡುತ್ತೀರಲ್ಲ, ಎಂಟಕ್ಕೆ ಇಳಿಸಿ. ಆಮೇಲೆ ಐದು. ನೋಡಬೇಕು ಅನ್ನಿಸಿದಾಗ ಗಡಿಯಾರ ನೋಡಿ ಹತ್ತು ನಿಮಿಷ ತಡೆಯಿರಿ. ಆ ಹತ್ತು ನಿಮಿಷದಲ್ಲಿ ಎದೆ ಏರುತ್ತದೆ, ಏರಿದ್ದು ನಿಲ್ಲುತ್ತದೆ, ನೀವು ಏನೂ ಮಾಡದಿದ್ದರೂ ತಾನಾಗಿ ಇಳಿಯುತ್ತದೆ. ಹಾಗೆ ಇಳಿಯುವುದನ್ನು ಅವಳ ಮೈಯೇ ಕಣ್ಣಾರೆ ಕಾಣಬೇಕು. ನಾವು ಹೇಳಿ ಪ್ರಯೋಜನವಿಲ್ಲ. ಇದನ್ನು ಕೇಳಿದಾಗ ನನಗೆ ಮತ್ತೆ ಬೃಹನ್ನಳೆಯೇ ನೆನಪಾದದ್ದು. ಓಡುತ್ತಿದ್ದ ಉತ್ತರನನ್ನು ಬೆನ್ನಟ್ಟಿ ಹಿಡಿದವನು ಹುಡುಗನನ್ನು ಮನೆಗೆ ಕಳಿಸಿಬಿಡಲಿಲ್ಲ, "ಹೋಗು, ಯುದ್ಧ ಮಾಡು" ಎಂದು ಮುಂದಕ್ಕೆ ನೂಕಲೂ ಇಲ್ಲ. "ಯುದ್ಧ ನಾನು ಮಾಡುತ್ತೇನೆ, ನೀನು ಕುದುರೆಯ ಹಗ್ಗ ಹಿಡಿ" ಎಂಬರ್ಥದಲ್ಲಿ ಅವನಿಗೆ ತಾಳುವಷ್ಟು ಕೆಲಸ ಕೊಟ್ಟ. ಮೊದಲು ಶಮೀವೃಕ್ಷದವರೆಗೆ, ಆಮೇಲೆ ರಣರಂಗಕ್ಕೆ. ಅದೇ ಹುಡುಗ ಅದೇ ಸೇನೆಯ ನಡುವೆ ದಿನವಿಡೀ ರಥ ನಡೆಸಿದ. ಅವನ ಹೆದರಿಕೆ ಪೂರಾ ಹೋಗಿತ್ತು ಎಂದು ನಾನು ನಂಬುವುದಿಲ್ಲ. ಅದನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹಗ್ಗ ಹಿಡಿದಿದ್ದ. ಆ ಹಿಂದಿನ ಬೆಂಚಿನ ಹುಡುಗಿಗೆ ಅಂದು ಹೇಳಿದ ಉತ್ತರಕ್ಕೆ ಈಗ ನಾನು ಇದನ್ನೂ ಸೇರಿಸಿ ಪಾಠ ಮಾಡುತ್ತೇನೆ.

2020ರ ಮಾರ್ಚಿನಲ್ಲಿ ಕೊರೊನಾ ಬಂದು ಇಡೀ ಊರು ಬಾಗಿಲು ಹಾಕಿ, ಹಾಲಿನ ಪ್ಯಾಕೆಟ್ಟನ್ನೂ ಸೋಪಿನಲ್ಲಿ ತೊಳೆಯುತ್ತಿದ್ದಾಗ ಅವಳು ಫೋನಿನಲ್ಲಿ, "ನೋಡಿ ಅಕ್ಕ, ಈಗ ಊರಿಗೆಲ್ಲ ನನ್ನ ಕಾಯಿಲೆ ಬಂತು" ಎಂದು ನಕ್ಕಳು. ಅವಳು ನಕ್ಕದ್ದು ಕೇಳಿ ಸುಮಾರು ಒಂದು ವರ್ಷವಾಗಿತ್ತು.

ಇಷ್ಟಕ್ಕೆ ಮುಗಿದಿದ್ದರೆ ಇದು ಆಸ್ಪತ್ರೆಯ ಗೋಡೆಗೆ ಅಂಟಿಸುವ ಚೀಟಿಯಾಗುತ್ತಿತ್ತು. ನನ್ನ ತಲೆಯಲ್ಲಿ ಉಳಿದದ್ದು ಅತ್ತೆಯವರ ಇನ್ನೊಂದು ಮಾತು. ಅವಳು ಚೇತರಿಸಿಕೊಂಡ ಮೇಲೆ, ಒಂದು ಸಂಜೆ ಮಗ ಆಟಕ್ಕೆ ಹೋದವನು ಕತ್ತಲಾದರೂ ಬರಲಿಲ್ಲ. ಅವಳು ಒಮ್ಮೆ ಬಾಗಿಲಿಗೆ ಹೋಗಿ ನೋಡಿ ಬಂದು ದೋಸೆಗೆ ರುಬ್ಬಲು ಕುಳಿತಳು. ಅತ್ತೆಯವರು ನನ್ನ ಕಿವಿಯಲ್ಲಿ, "ಆ ಮಾತ್ರೆ ತಗೊಂಡ ಮೇಲೆ ಇವಳಿಗೆ ಮಕ್ಕಳ ಮೇಲೆ ಮೊದಲಿನ ಹಾಗೆ ಇಲ್ಲ" ಎಂದರು. ಅವರ ದನಿಯಲ್ಲಿ ಕೊಂಕಿರಲಿಲ್ಲ. ಅವರಿಗೆ ನಿಜವಾಗಿಯೂ ದುಃಖವಾಗಿತ್ತು.

ಅವರ ದುಃಖದ ಹಿಂದೆ ಒಂದು ಲೆಕ್ಕವಿದೆ, ಅದು ಅವರೊಬ್ಬರ ಲೆಕ್ಕವಲ್ಲ. ನಮ್ಮಲ್ಲಿ ತಾಯಿಯ ಪ್ರೀತಿಯನ್ನು ಅಳೆಯುವುದು ಅವಳ ಚಿಂತೆಯಿಂದ. ಮಗಳು ಬಸ್ಸಿಳಿದು ಫೋನ್ ಮಾಡುವವರೆಗೆ ಊಟ ಮಾಡದ ತಾಯಿ ಒಳ್ಳೆಯ ತಾಯಿ. ಉಂಡು ಮಲಗಿದವಳ ಬಗ್ಗೆ ನಾಲ್ಕು ಮಾತು. ಗಂಡಸಿನ ಪ್ರೀತಿಗೆ ಸಂಬಳ, ತೋಟ, ಮನೆ ಎಂದು ಕಣ್ಣಿಗೆ ಕಾಣುವ ರಸೀದಿಗಳಿವೆ. ಹೆಂಗಸಿನ ಪ್ರೀತಿಗೆ ಅವಳು ಕಳೆದುಕೊಂಡ ನಿದ್ದೆಯೇ ರಸೀದಿ. ಹೀಗಿರುವಾಗ ಅವಳಿಗೆ ನಿದ್ದೆ ಬರಿಸುವ ಮಾತ್ರೆ ಬರಿಯ ಮಾತ್ರೆಯಲ್ಲ, ಮನೆಯ ಲೆಕ್ಕದ ಪುಸ್ತಕವನ್ನೇ ಹರಿದ ಹಾಗೆ. ನಾನು ಬಲ್ಲ ಎಷ್ಟೋ ಹೆಂಗಸರು ಚಿಕಿತ್ಸೆಗೆ ಹೋಗಲು ಹಿಂಜರಿಯುವುದು ಹುಚ್ಚಿ ಎಂದಾರು ಎಂಬ ಒಂದೇ ಕಾರಣಕ್ಕಲ್ಲ. ಈ ಕಳವಳ ಹೋದರೆ ನಾನು ಯಾರು, ಮಕ್ಕಳಿಗೆ ನಾನು ಏನಾಗಿ ಉಳಿದೇನು ಎಂಬ ದಿಗಿಲೂ ಅದರೊಳಗಿದೆ. ನನ್ನ ಮಟ್ಟಿಗೆ ಹೇಳುವುದಾದರೆ, ರಾತ್ರಿ ಎಬ್ಬಿಸಿ ಹಣೆ ಮುಟ್ಟಿಸಿಕೊಂಡ ಆ ಮಕ್ಕಳು ಅದನ್ನು ಪ್ರೀತಿ ಎಂದುಕೊಂಡಿದ್ದವೋ ಇಲ್ಲವೋ ಎಂದು ಮಕ್ಕಳನ್ನೇ ಕೇಳಬೇಕು. ಆ ಹೆಣ್ಣುಮಗು ಆ ದಿನಗಳಲ್ಲಿ ಉಗುರು ಕಚ್ಚಲು ಶುರುಮಾಡಿದ್ದನ್ನು ನಾನು ನೋಡಿದ್ದೇನೆ.

ಓರಗಿತ್ತಿಯ ಹತ್ತಿರ ಒಮ್ಮೆ ಇದನ್ನು ಆಡಿದೆ. ಅವಳು ಅತ್ತೆಯವರ ಮೇಲೆ ಸಿಟ್ಟಾಗಲಿಲ್ಲ. "ಅವರು ಹೇಳೋದು ಪೂರ್ತಿ ಸುಳ್ಳಲ್ಲ ಅಕ್ಕ. ಏನೋ ಒಂದು ಕಡಿಮೆ ಆಗಿದೆ. ಮೊದಲು ಮಕ್ಕಳನ್ನ ನೋಡಿದ್ರೆ ಹೊಟ್ಟೇಲಿ ಹಗ್ಗ ಎಳೆದ ಹಾಗೆ ಆಗ್ತಿತ್ತು. ಈಗ ಹಾಗಾಗಲ್ಲ. ಅದು ಪ್ರೀತಿಯೋ ಹೆದರಿಕೆಯೋ ಅಂತ ಒಂದೊಂದು ಸಲ ನಂಗೂ ಗೊತ್ತಾಗಲ್ಲ. ಆದ್ರೆ ಈಗ ಮಗ ಹೇಳೋ ಕತೆ ಪೂರ್ತಿ ಕೇಳ್ತೀನಿ. ಆವಾಗ ಅವನು ಬಾಯಿ ತೆಗೆದ್ರೆ ಜ್ವರದ ವಾಸನೆ ಉಂಟಾ ಅಂತ ನೋಡ್ತಿದ್ದೆ."

2021ರಲ್ಲಿ ಡಾಕ್ಟರು ಮಾತ್ರೆಯನ್ನು ನಿಧಾನವಾಗಿ ಇಳಿಸಿ ನಿಲ್ಲಿಸಿದರು. ಮುಂದಿನ ಬೇಸಿಗೆಗಳಲ್ಲೂ ಮಂಗ ಸತ್ತ ಸುದ್ದಿ ಬರುತ್ತಲೇ ಇದೆ. ಅವಳು ಎಲ್ಲರಂತೆ ಎಣ್ಣೆ ಹಚ್ಚಿ, ಸಂಜೆ ಒಮ್ಮೆ ಮಕ್ಕಳ ಮೈ ನೋಡುತ್ತಾಳೆ. ನಡುವೆ 2023ರಲ್ಲಿ ಕೆಲವು ವಾರ ಆ ಎರಡು ಗಂಟೆಯ ಎಚ್ಚರ ಮರಳಿ ಬಂತು. ಹಾಗೆ ಮರಳುವುದು ಉಂಟು ಎಂದು ಅವಳಿಗೆ ಮೊದಲೇ ಹೇಳಿದ್ದರು. 2022ರ ಅಕ್ಟೋಬರಿನಿಂದ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದಾದ ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಫೋನ್ ಸೇವೆ ಇದೆ, ಸಂಖ್ಯೆ 14416. ಅದಕ್ಕೆ ಒಂದು ರಾತ್ರಿ ಮಾತಾಡಿದಳಂತೆ. ಆಮೇಲೆ ಬಂದ ಮಂಗಳವಾರ, ಥೈರಾಯ್ಡಿನ ಹೆಸರು ಹೇಳದೆ, "ಮನಸ್ಸಿನ ಡಾಕ್ಟರ ಹತ್ತಿರ ಹೋಗಿ ಬರ್ತೀನಿ ಅತ್ತೆ" ಎಂದು ಹೇಳಿ ಒಬ್ಬಳೇ ಬಸ್ಸು ಹತ್ತಿದಳು. ಅತ್ತೆಯವರು ಏನೂ ಅನ್ನಲಿಲ್ಲ. ಬರುವಾಗ ಒಂದು ಕಟ್ಟು ಎಲೆ ಅಡಿಕೆ ತಾ ಎಂದರಂತೆ.